ಬೇವಿನ ಮರಕ್ಕೆ ಕಟ್ಟಿದ ಕುದುರೆ

ರಾಯಚೂರು ಸ್ಟೇಷನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದ ಗುಡುಸಾಬನ ಹೆಂಡತಿ ಕಮರುನ್ನೀಸಾ ತನ್ನ ಓಣಿಯಲ್ಲಿ ಹೂಂಗುಟ್ಟುವುದಕ್ಕೆ ಹೆಸರಾದವಳು. ಅದೇನು ದೊಡ್ಡ ಕೆಲಸ ಎಂದು ಕೇಳುವವರು ಏಳು ಬಾವಿಯ ಖಿಸ್ಸಾ ಎಂಬ ಹರಕೆಯ ಕತೆಗೆ ಒಮ್ಮೆಯೂ ಕೂತವರಲ್ಲ.

ಆ ಓಣಿಯ ಹೆಂಗಸರು ಹರಕೆ ಹೊತ್ತರೆ ಈ ಖಿಸ್ಸಾಕ್ಕೇ ಹೊರುತ್ತಿದ್ದರು. ಮಗುವಿನ ಜ್ವರ ಇಳಿದರೆ, ಗಂಡನ ವರ್ಗಾವಣೆ ನಿಂತರೆ, ಕಳೆದ ಬೆಳ್ಳಿ ಕಾಲ್ಗಡಗ ಹುಲ್ಲಿನ ಬಣವೆಯಲ್ಲಿ ಸಿಕ್ಕರೆ, ಜುಮ್ಮೇರಾತಿನ, ಅಂದರೆ ಗುರುವಾರದ, ಮಧ್ಯಾಹ್ನ ನಮಾಜು ಮುಗಿಸಿ ಮನೆಯಲ್ಲಿ ಖಿಸ್ಸಾ ಹೇಳಿಸಬೇಕು. ಜಮಖಾನ ಹಾಸಿ, ಊದು ಹಾಕಿ, ಪರಾತದ ತುಂಬ ಮಲೀದಾ ಮಾಡಿ ಬಿಳಿ ಬಟ್ಟೆ ಮುಚ್ಚಿಡಬೇಕು. ಖಿಸ್ಸಾ ಹೇಳುವ ಖಾಸಿಂ ಬೀ ಮಾನ್ವಿಯಿಂದ ಬಸ್ಸಿಗೆ ಬರುತ್ತಿದ್ದಳು. ಮನೆಯಲ್ಲಿ ದಖನಿ ಉರ್ದು ಆಡುವ ಹೆಂಗಸರು ಈ ಖಿಸ್ಸಾವನ್ನು ಮಾತ್ರ ಕನ್ನಡದಲ್ಲೇ ಕೇಳುತ್ತಿದ್ದರು. ಯಾಕೆಂದು ಯಾರೂ ಕೇಳಿರಲಿಲ್ಲ. ಹಿಂದಿನವರೂ ಹಾಗೇ ಕೇಳಿದ್ದರು.

ಖಾಸಿಂ ಬೀ ನಾಲ್ಕು ಸಾಲಿನ ಒಂದು ಪದ ಹಾಡಿದಂತೆ ಹೇಳಿ ನಿಲ್ಲಿಸುತ್ತಿದ್ದಳು. ಎದುರಿಗೆ ಕೂತ ಹರಕೆಯವಳು ಸೆರಗು ಹೊದ್ದುಕೊಂಡು "ಹೂಂ" ಎನ್ನಬೇಕು. ಹೂಂ ಬಂದರೆ ಮುಂದಿನ ಪದ, ಬಾರದಿದ್ದರೆ ಖಿಸ್ಸಾ ಅಲ್ಲೇ ನಿಂತಿತು. ಹಿಡಿದ ಖಿಸ್ಸಾವನ್ನು ನಡುವೆ ಬಿಡುವಂತಿಲ್ಲ. ಮುಗಿಯುವ ತನಕ ಮಲೀದಾ ಮುಟ್ಟುವಂತಿಲ್ಲ. ಹೇಳುವವಳು ಒಂದು ಅಕ್ಷರ ಕೂಡಿಸುವಂತಿಲ್ಲ, ಒಂದು ಅಕ್ಷರ ಬಿಡುವಂತಿಲ್ಲ. ಬಿಟ್ಟರೆ ಹರಕೆ ತೀರುವುದಿಲ್ಲ, ಮೊದಲಿನದಕ್ಕಿಂತ ಭಾರವಾಗಿ ತಿರುಗಿ ಬರುತ್ತದೆ.

ಹರಕೆಯವಳಿಗೆ ಗಂಟಲು ಕಟ್ಟಿದ್ದರೆ, ತುಂಬಿದ ಬಸುರಿಯಾಗಿ ಕೂರಲು ಆಗದಿದ್ದರೆ, ಅಥವಾ ಮೂರನೇ ಬಾವಿಯ ಹೊತ್ತಿಗೆ ತೂಕಡಿಸುವ ಗುಣದವಳಾಗಿದ್ದರೆ ಕಮರುನ್ನೀಸಾಗೆ ಹೇಳಿಕಳಿಸುತ್ತಿದ್ದರು. ಅವಳು ಬಂದು ಮೂಲೆಯಲ್ಲಿ ಚಪ್ಪಲಿ ಬಿಟ್ಟು, ಯಾರೊಡನೆಯೂ ಹೆಚ್ಚು ಮಾತಾಡದೆ ಕೂತು, ಮೊದಲಿನಿಂದ ಕೊನೆಯವರೆಗೆ ಒಂದೇ ಅಳತೆಯ ಹೂಂ ಕೊಟ್ಟು, ತನ್ನ ಪಾಲಿನ ಮಲೀದಾ ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು.

"ಬ್ಯಾರೆ ಹೆಂಗಸರು ಹೂಂ ಅಂದ್ರ ಮೊರದಾಗ ಜೋಳ ಕೇರಿದಂಗ ಇರ್ತದ," ಎಂದು ಖಾಸಿಂ ಬೀ ಹೇಳುವುದಿತ್ತು. "ಈ ದೇವದುರ್ಗದಾಕಿ ಕಮರೂದು ತಕ್ಕಡಿಗೆ ತೂಕದ ಬಟ್ಟು ಇಟ್ಟಂಗ."

ಖಾಸಿಂ ಬೀ ಯಾರನ್ನೂ ಹೊಗಳಿದವಳಲ್ಲ. ಕಮರುನ್ನೀಸಾ ಆ ಮಾತನ್ನು ಬೆಳ್ಳಿಯ ಹಾಗೆ ಎತ್ತಿಟ್ಟುಕೊಂಡಿದ್ದಳು.

ಖಿಸ್ಸಾ ಹೀಗೆ. ಒಬ್ಬ ಬಾದಶಹನ ಕಣ್ಣು ಹೋಗುತ್ತವೆ. ಏಳನೇ ಬಾವಿಯ ನೀರು ತಂದು ಹಚ್ಚಿದರೆ ಕಣ್ಣು ಬರುತ್ತವೆ ಎಂದು ಫಕೀರನೊಬ್ಬ ಹೇಳುತ್ತಾನೆ. ಮಲತಾಯಿ ತನ್ನ ಮಗನನ್ನು ಹಿಂದಿಟ್ಟು ಸವತಿಯ ಮಗನನ್ನು ಕಳಿಸುತ್ತಾಳೆ. ಆ ಶಹಜಾದ ಕುದುರೆ ಹತ್ತಿ ಮೊದಲನೇ ಬಾವಿಗೆ ಬಂದು, ದಂಡೆಯ ಬೇವಿನ ಮರಕ್ಕೆ ಕುದುರೆ ಕಟ್ಟಿ, ಒಳಗಿಳಿಯುತ್ತಾನೆ. ಬಾವಿಯಿಂದ ಬಾವಿಗೆ ನೆಲದ ಒಳಗೇ ದಾರಿ. ದಾರಿಯಲ್ಲಿ ಹಾವು, ದೆವ್ವ, ರೊಟ್ಟಿ ಕೊಡುವ ಒಬ್ಬ ಬಡ ಮುದುಕಿ. ಹನ್ನೆರಡು ವರ್ಷ ಕಳೆದು ಅವನು ಏಳನೇ ಬಾವಿಯಿಂದ ಮೇಲೆ ಬಂದು ನೋಡಿದರೆ ಅದು ಅವನಪ್ಪನ ಅರಮನೆಯ ಅಂಗಳದ ಬಾವಿ. ಬಾದಶಹನಿಗೆ ಕಣ್ಣು ಬಂದವು. ಮಲತಾಯಿಯ ತಲೆ ಬೋಳಿಸಿ ಕತ್ತೆಯ ಮೇಲೆ ಕೂಡಿಸಿದರು. ಎಲ್ಲರೂ ಮಲೀದಾ ತಿಂದರು.

ಕುದುರೆಯ ಸುದ್ದಿ ಮತ್ತೆ ಬರುವುದಿಲ್ಲ.

ಕಮರುನ್ನೀಸಾ ದೇವದುರ್ಗದಲ್ಲಿ ಅಜ್ಜಿಯ ತೊಡೆಯ ಮೇಲೆ ಈ ಖಿಸ್ಸಾ ಕೇಳಿ ಬೆಳೆದವಳು. ಹುಡುಗಿಯಾಗಿದ್ದಾಗ ಒಮ್ಮೆ ಕೇಳಿದ್ದಳು, "ನಾನೀ, ಕುದುರಿ ಬಿಚ್ಚಿದೋರು ಯಾರು?"

ಅಜ್ಜಿ, "ಹೂಂ ಅನ್ನು," ಎಂದಿದ್ದಳು.

ಅವಳು ಹೂಂ ಎಂದಿದ್ದಳು. ಆಮೇಲೆ ಹೂಂ ಎನ್ನುತ್ತಲೇ ಬಂದಳು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಗುಡುಸಾಬನ ಕುದುರೆಗೆ ಹೊಟ್ಟೆಶೂಲೆ ಬಂತು. ಅದೊಂದು ಬಿಳಿ ಹೆಣ್ಣುಕುದುರೆ. ಹೆಸರು ಬಿಜ್ಲಿ, ಅಂದರೆ ಮಿಂಚು. ಆ ಹೆಸರನ್ನು ಕೊಂಡವರಲ್ಲ, ಮಾರಿದವರು ಇಟ್ಟದ್ದು; ಅದರ ನಡಿಗೆ ನೋಡಿದ ಯಾರೂ ಆ ಹೆಸರು ಇಡುತ್ತಿರಲಿಲ್ಲ. ಆದರೆ ಆ ಮನೆಯ ಅನ್ನ ಅದರ ಕಾಲಿನ ಮೇಲೆ ನಿಂತಿತ್ತು. ಬಿಜ್ಲಿ ಅಂಗಳದಲ್ಲಿ ಬಿದ್ದು ಹೊರಳಿತು, ತಿರುತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಂಡಿತು. ದನದ ಡಾಕ್ಟರು ಯರಗೇರಾ ಕಡೆಗೆ ಹೋಗಿದ್ದರು. ಗುಡುಸಾಬ ಓಮು, ಇಂಗು ಅರೆದು ಮಜ್ಜಿಗೆಯಲ್ಲಿ ಕಲಸಿ ಬಿದಿರಿನ ಗೊಟ್ಟದಲ್ಲಿ ಅದರ ಬಾಯಿಗೆ ಹಾಕಿದ. ಹಗ್ಗ ಹಿಡಿದು ಎಬ್ಬಿಸಿ ಅಂಗಳದಲ್ಲಿ ಸುತ್ತು ಹಾಕಿಸಿದ. ಅವನು ನಡೆಸಿದ, ಅದು ಬಿತ್ತು, ಮತ್ತೆ ನಡೆಸಿದ.

ಕಮರುನ್ನೀಸಾ ಒಲೆಯ ಮುಂದೆ ಸೆರಗು ಹೊದ್ದು ಕಣ್ಣು ಮುಚ್ಚಿದಳು. ಬಿಜ್ಲಿ ಎದ್ದು ಲದ್ದಿ ಹಾಕಿದರೆ ಏಳು ಬಾವಿಯ ಖಿಸ್ಸಾ ಹೇಳಿಸುತ್ತೇನೆ ಎಂದಳು.

ಸಂಜೆ ಮಗರೀಬಿನ ಅಜಾನ್ ಆಗುವ ಹೊತ್ತಿಗೆ ಬಿಜ್ಲಿ ಲದ್ದಿ ಹಾಕಿತು. ಗುಡುಸಾಬ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಅತ್ತ.

ಅವನ ತಾಯಿ ಕುಬ್ರಾ ಬೇಗಂ ಕಟ್ಟೆಯ ಮೇಲಿನಿಂದ ನೋಡುತ್ತಿದ್ದಳು. "ನೀ ಹುಟ್ಟಿದ ದಿವಸ ನಿಮ್ಮಪ್ಪ ಇಷ್ಟು ಅಳಲಿಲ್ಲಲೇ," ಎಂದಳು.

ಮರುದಿನ ಬೆಳಿಗ್ಗೆ ಕಮರುನ್ನೀಸಾ ಬಕೆಟ್ಟಿನಲ್ಲಿ ನೀರು ಹಿಡಿದು ಬಿಜ್ಲಿಯ ಮುಂದೆ ನಿಂತಿದ್ದಳು. ಕುದುರೆ ಮೂತಿ ಮುಳುಗಿಸಿ ಕುಡಿಯುತ್ತಿತ್ತು. ಒಂದೊಂದು ಗುಟುಕೂ ಕೊರಳಲ್ಲಿ ಇಳಿಯುವುದು ಕಾಣುತ್ತಿತ್ತು. ತಾನು ಏನು ಹರಕೆ ಹೊತ್ತಿದ್ದೇನೆ ಎಂಬುದು ಅವಳಿಗೆ ಆಗ ಹೊಳೆಯಿತು. ಕುದುರೆ ಬದುಕಿದ್ದಕ್ಕೆ ಅವಳು ಹೇಳಿಸಬೇಕಾಗಿದ್ದುದು ಕುದುರೆಯನ್ನು ನೀರಿಲ್ಲದೆ ಕಟ್ಟಿ ಹೋದ ಖಿಸ್ಸಾ. ಅದೂ ಬಾವಿಯ ದಂಡೆಯಲ್ಲಿ. ಹರಕೆಯವಳು ತಾನೇ, ಹೂಂ ಎನ್ನಬೇಕಾದವಳೂ ತಾನೇ. ಹೊರಗೆ ಅಂಗಳದಲ್ಲಿ ಬಿಜ್ಲಿ ಕಿವಿ ನಿಗುರಿಸಿಕೊಂಡು ನಿಂತಿರುತ್ತದೆ.

ಬೇರೆ ಹರಕೆಗೆ ಬದಲಿಸೋಣವೆಂದರೆ ಬಾಯಿಬಿಟ್ಟ ಹರಕೆ ಬದಲಾಗುವುದಿಲ್ಲ. ತೀರಿಸದೆ ಬಿಡೋಣವೆಂದರೆ ಶೂಲೆ ಮತ್ತೆ ಬರಲಿಕ್ಕೆ ಎಷ್ಟು ಹೊತ್ತು?

ಮುಂದಿನ ಜುಮ್ಮೇರಾತಿನಲ್ಲಿ ಖಾಸಿಂ ಬೀ ಪಕ್ಕದ ಓಣಿಗೆ ಬಂದಿದ್ದಳು. ಖಿಸ್ಸಾ ಮುಗಿಸಿ ಎಲೆ ಮಡಿಸುತ್ತಿದ್ದಾಗ ಕಮರುನ್ನೀಸಾ ಹೋಗಿ ಹತ್ತಿರ ಕೂತಳು.

"ಖಾಲಾ, ಖಿಸ್ಸಾದಾಗ ಒಂದು ಪದ ಕೂಡಿಸಬೇಕಾಗಿತ್ತು."

ಖಾಸಿಂ ಬೀ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. "ಎಲ್ಲಿ?"

"ಕುದುರಿ ಕಟ್ಟಿದ ಮ್ಯಾಲ."

"ಏನಂತ?"

"ನೀರು ಕುಡಿಸಿ ಬಿಟ್ರಂತ."

"ಯಾರು?"

"ಯಾರರ."

ಖಾಸಿಂ ಬೀ ಎಲೆ ಬಾಯಿಗಿಟ್ಟುಕೊಂಡು ಅದು ಹಣ್ಣಾಗುವ ತನಕ ಅಗಿದಳು. ಆಮೇಲೆ ಹೇಳಿದಳು: "ನೋಡವಾ. ಈ ಖಿಸ್ಸಾ ನಾ ನನ್ನ ಅತ್ತಿ ಕಡಿಂದ ಕಲ್ತೀನಿ. ಆಕಿ ಕುರ್ಡಿ ಊರಾಗ ಆಕಿ ಅತ್ತಿ ಕಡಿಂದ ಕಲ್ತಾಳ. ಅವರಿಗೆಲ್ಲ ಕುದುರಿ ಕಾಣಸ್ಲಿಲ್ಲೇನು?"

"ಅವರ ಮನ್ಯಾಗ ಟಾಂಗಾ ಇದ್ದಿಲ್ಲ ಖಾಲಾ."

"ನಿನಗ ಹೆಸರು ಮಾಡಬೇಕಾಗ್ಯದ."

"ಇಲ್ಲ ಖಾಲಾ."

"ಮತ್ಯಾಕ?"

ಕಮರುನ್ನೀಸಾ ನೆಲ ನೋಡಿದಳು. "ಕುದುರಿ ನಿಂತದ," ಎಂದಳು.

"ನಿಂತಿರಲಿ. ಒಂದಕ್ಷರ ಕೂಡಿಸಿದ್ರ ನಿನ್ನ ಹರಕಿ ನಿನ್ನ ತಲಿಮ್ಯಾಲ. ಬರೋ ಜುಮ್ಮೇರಾತ್ ಬರ್ತೀನಿ. ಮಲೀದಾಕ್ಕ ಬೆಲ್ಲ ಚಲೋದು ತರಸು, ಹೋದ ಸಲ ನಿಮ್ಮ ಓಣ್ಯಾಗ ಹರಳು ಸಿಕ್ಕಾವ."

ಹಾಗೆಂದರೂ ಕಮರುನ್ನೀಸಾ ಪದ ಕಟ್ಟಲು ಕೂತಳು. ಹೇಳಿಸಲು ಆಗದಿದ್ದರೆ ಬೇಡ. ಒಮ್ಮೆ ಕಟ್ಟಿ ಇಡೋಣ, ದೇವರು ನೋಡಿಕೊಳ್ಳಲಿ ಎಂಬುದು ಅವಳ ಲೆಕ್ಕ. ದೇವದುರ್ಗದ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಓದಿದವಳು. ಬಾಯಲ್ಲಿ ಬರುವುದು ಸಾಲಿಗೆ ಸಾಲು ಕೂಡುತ್ತದೋ ಇಲ್ಲವೋ ಎಂದು ನೋಡಲು ಲಾಯದ ಮಣ್ಣಿನ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಳು. ಬಿಜ್ಲಿ ಹುಲ್ಲು ತಿನ್ನುತ್ತ ನೋಡಿತು.

ಸಂಜೆ ಗುಡುಸಾಬ ಕುದುರೆ ಬಿಚ್ಚುತ್ತ ಗೋಡೆ ನೋಡಿದ. ಅವನಿಗೆ ಕೂಡಿಸಿ ಓದುವಷ್ಟು ಬರುತ್ತಿತ್ತು. ಬೆರಳಿಟ್ಟು ಓದಿದ.

ನೀರಿಗೆ ಬಂದಳು ಮುದುಕಿ ಒಬ್ಬಳು
ನಿಂತ ಕುದುರಿಯ ಕಂಡಳು
ಕೊರಳ ಹಗ್ಗ ಬಿಚ್ಚಿದಳು
ಕೊಡದ ತುಂಬ ಕುಡಿಸಿದಳು

"ಇದ್ಯಾರು ಬರದದ್ದು?"

"ನಾನ."

"ಏನು ಇದು?"

"ಖಿಸ್ಸಾದ ಕುದುರಿಗೆ."

ಗುಡುಸಾಬ ಇನ್ನೊಮ್ಮೆ ಓದಿದ. ಹೆಂಡತಿ ಗೋಡೆಯ ಮೇಲೆ ಪದ ಬರೆದದ್ದು ಅವನಿಗೆ ದೊಡ್ಡದಾಗಿ ಕಾಣಲಿಲ್ಲ. ಅವನ ಹುಬ್ಬು ಗಂಟಾದದ್ದು ಬೇರೆ ಕಾರಣಕ್ಕೆ. "ಇದು ತಪ್ಪದ," ಎಂದ.

"ಎಲ್ಲಿ?"

"ನೀರಡಿಸಿದ ಕುದುರಿನ ಮೊದಲ ಬಿಚ್ಚಿದ್ರ ಬಾವಿಗೇ ಹಾರ್ತದ. ಮೊದಲ ಕುಡಿಸಬೇಕು, ಆಮ್ಯಾಲ ಬಿಚ್ಚಬೇಕು. ಮತ್ತ ಬಿಸಿಲಾಗ ನಿಂತಿದ್ದಕ್ಕ ಒಂದೇ ಸಲ ಕೊಡ ಬಗ್ಗಿಸಿದ್ರ ಶೂಲಿ ಬರ್ತದ. ನಾಕು ಗುಟುಕು ಕೊಟ್ಟು ಮೂತಿ ಎತ್ತಬೇಕು, ಮತ್ತ ನಾಕು ಗುಟುಕು ಕೊಡಬೇಕು. ಟಾಂಗಾದವನ ಹೇಣ್ತಿ ಆಗಿ ಇದೂ ತಿಳಿಲಿಲ್ಲಂದ್ರ."

ಅವನು ಹೊರಟುಹೋದ. ಕಮರುನ್ನೀಸಾ ಕೆಳಗಿನ ಎರಡು ಸಾಲಿಗೆ ಸಗಣಿ ಬಳಿದು, ಅದು ಒಣಗಿದ ಮೇಲೆ ಮತ್ತೆ ಬರೆದಳು.

ತಡೆದು ತಡೆದು ಕುಡಿಸಿದಳು
ಕೊರಳ ಹಗ್ಗ ಬಿಚ್ಚಿದಳು

ಮರುದಿನ ಗುಡುಸಾಬ ನೋಡಿ, "ಹಾಂ, ಈಗ ಬದುಕ್ತದ," ಎಂದ.

ಸುದ್ದಿ ಓಣಿಗೆ ಹೋಗಲು ಎರಡು ದಿನ ಸಾಕಾಯಿತು. ಕುಬ್ರಾ ಬೇಗಂ ಲಾಯಕ್ಕೆ ಬಂದು ಗೋಡೆ ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಸೊಸೆಯಿಂದ ಓದಿಸಿಕೊಂಡಳು. ಬೈಯುತ್ತಾಳೆ ಎಂದುಕೊಂಡರೆ ಅವಳು ಅಲ್ಲೇ ಹುಲ್ಲಿನ ಹೊರೆಯ ಮೇಲೆ ಕೂತಳು.

"ಕೂಡಸೋದು ಕೂಡಸ್ತಿ," ಎಂದಳು, "ಆ ಕತ್ತಿನೂ ಒಂದು ಕೈ ನೋಡು."

"ಯಾವ ಕತ್ತಿ ಅಮ್ಮಾ?"

"ಮಲತಾಯಿನ ಕೂಡಿಸ್ತಾರಲ್ಲ, ಆ ಕತ್ತಿ. ತಲಿ ಬೋಳಿಸಿದ್ರ ಸಾಕಾಗಿತ್ತು. ಖಾಸಿಂ ಬೀ ಅದನ್ನ ಹೇಳಾಗ ಓಣಿ ಸೊಸ್ತೇರೆಲ್ಲ ನನ್ನ ಕಡಿ ನೋಡ್ತಾರ. ನಾ ಏನು ಮಾಡೀನಿ?"

ಮರುದಿನ ನೆರೆಮನೆಯ ಗೋಪಮ್ಮ ಬಂದಳು. ಬಸ್ ಸ್ಟ್ಯಾಂಡಿನ ಖಾನಾವಳಿಗೆ ರೊಟ್ಟಿ ಬಡಿದುಕೊಡುವ ಹೆಂಗಸು. ಓಣಿಯಲ್ಲಿ ಖಿಸ್ಸಾ ಆದಾಗಲೆಲ್ಲ ಬಾಗಿಲ ಹತ್ತಿರ ಕೂತು ಕೇಳುತ್ತಿದ್ದಳು. ಅವಳ ತಕರಾರು ರೊಟ್ಟಿಯದು.

"ಮೂರನೇ ಬಾವ್ಯಾಗ ಬಡ ಮುದುಕಿ ಗೋಧಿ ರೊಟ್ಟಿ ಕೊಟ್ಟಳು ಅಂತಾರ. ಬಡಾಕಿ ಮನ್ಯಾಗ ಗೋಧಿ ಎಲ್ಲಿಂದ ಬಂತು ಕಮರೂ? ಬಿಳಿಜೋಳದ್ದು ಅಂತ ಹಾಕು. ಕೇಳಿದಾಗೊಮ್ಮೆ ಗಂಟಲಾಗ ಸಿಕ್ಕಂಗ ಆಗ್ತದ."

ಕೊನೆಗೆ ಬಂದವಳು ಮೂಲೆಮನೆಯ ಜಾಹೆದಾ. ಮದುವೆಯಾಗಿ ಆರು ತಿಂಗಳಿಗೆ ಅವಳ ಗಂಡ ರಿಯಾದಿಗೆ ಹೋಗಿದ್ದ. ಅವಳು ಕುದುರೆಯ ಮೈ ಸವರುತ್ತ ಬಹಳ ಹೊತ್ತು ನಿಂತಳು.

"ಆಪಾ, ಹನ್ನೆರಡು ವರ್ಷ ಬಾಳ ಆತಲ್ರೀ."

"ಎಷ್ಟು ಬೇಕು?"

"ಎರಡು. ಕರಾರು ಎರಡೇ ವರ್ಷದ್ದು ಅದ."

ಕಮರುನ್ನೀಸಾ ಯಾರಿಗೂ ಇಲ್ಲವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಅವಳಿಗೆ ಬೇಕಾಗಿದ್ದುದು ಕುದುರೆಯದಷ್ಟೇ. ಉಳಿದವರ ಬೇಡಿಕೆ ಕೇಳುತ್ತ ಕೇಳುತ್ತ ಅವಳಿಗೆ ತಾನು ಎಲ್ಲಿ ಸಿಕ್ಕಿಕೊಂಡಿದ್ದೇನೆ ಎಂಬುದು ತಿಳಿಯಾಗುತ್ತ ಹೋಯಿತು. ಇವರೆಲ್ಲ ಖಿಸ್ಸಾ ಕೇಳಿದವರು. ತಾನು ಹೂಂ ಅಂದವಳು. ಶಹಜಾದ ಕುದುರೆ ಕಟ್ಟಿದ್ದು ಒಂದು ಸಲ. ಕಟ್ಟಿ ಹೋದದ್ದು ಸರಿ ಎಂದು ದೇವದುರ್ಗದಿಂದ ಹಿಡಿದು ಇಲ್ಲಿಯತನಕ ಒಪ್ಪಿಕೊಳ್ಳುತ್ತ ಬಂದವಳು ತಾನು, ಒಂದೇ ಅಳತೆಯಲ್ಲಿ.

ಜುಮ್ಮೇರಾತ್ ಬಂತು. ಗುಡುಸಾಬ ಒಳ್ಳೆಯ ಬೆಲ್ಲ ತಂದ. ಚಪಾತಿ ಪುಡಿ ಮಾಡಿ ತುಪ್ಪ, ಬೆಲ್ಲ ಹಾಕಿ ಮಲೀದಾ ಕಟ್ಟಿದರು. ಪರಾತಕ್ಕೆ ಬಿಳಿ ಬಟ್ಟೆ ಬಿತ್ತು. ಓಣಿಯ ಹೆಂಗಸರು ಎಂದಿಗಿಂತ ಹೆಚ್ಚು ಬಂದರು, ಎಂದಿಗಿಂತ ಬೇಗ ಬಂದರು. ಬಿಜ್ಲಿಯನ್ನು ಅಂಗಳದ ನೆರಳಿನಲ್ಲಿ ಹಗ್ಗವಿಲ್ಲದೆ ಬಿಟ್ಟಿದ್ದರು. ಅದು ಬಾಗಿಲಿಗೆ ಬಂದು ಮುಖ ಒಳಗಿಟ್ಟು ನಿಂತಿತು. ಗೋಪಮ್ಮ ಅದಕ್ಕೆ ಜಾಗ ಬಿಟ್ಟು ಆಚೆ ಸರಿದಳು.

ಖಾಸಿಂ ಬೀ ಕುದುರೆಯನ್ನೊಮ್ಮೆ ನೋಡಿದಳು. "ಹರಕಿ ಇದರದೇ ಏನು?"

"ಹೌದು ಖಾಲಾ."

"ಇರಲಿ. ಇದೂ ಕೇಳಲಿ."

ಖಿಸ್ಸಾ ಹಿಡಿದಳು. ಬಾದಶಹನ ಕಣ್ಣು ಹೋದವು. ಹೂಂ. ಫಕೀರ ಬಂದ. ಹೂಂ. ಮಲತಾಯಿ ಬಾಗಿಲ ಹಿಂದೆ ನಿಂತು ಕೇಳಿದಳು. ಹೂಂ, ಒಬ್ಬಿಬ್ಬರು ಸೊಸೆಯರು ಕುಬ್ರಾ ಬೇಗಂ ಕಡೆ ನೋಡಿದರು. ಶಹಜಾದ ಕುದುರೆ ಹತ್ತಿದ. ಹೂಂ. ಬಾವಿ ಬಂತು.

ಬೇವಿನ ಮರಕ ಕುದುರಿ ಕಟ್ಟಿ
ಬಾವಿಗಿಳಿದ ಶಹಜಾದ
ಹಿಂದಕ ತಿರುಗಿ ನೋಡಲಿಲ್ಲ
ಹೆತ್ತ ತಂದಿಯ ಕಣ್ಣಿಗಾಗಿ

ಖಾಸಿಂ ಬೀ ನಿಲ್ಲಿಸಿದಳು. ಊದಿನ ಹೊಗೆ ಮೇಲೆ ಹೋಯಿತು. ಹೂಂ ಬರಲಿಲ್ಲ.

ಇನ್ನೊಮ್ಮೆ ಅದೇ ಪದ ಹೇಳಿ ಕಾದಳು. ಬರಲಿಲ್ಲ.

"ಬಾಯಾಗ ಏನರ ಅದ ಏನು?"

"ಇಲ್ಲ ಖಾಲಾ."

"ಮತ್ತ ಹೂಂ ಅನ್ನು."

"ಬರವಲ್ದು."

ಕಮರುನ್ನೀಸಾ ಹಟ ಹಿಡಿದಿರಲಿಲ್ಲ. ಹೂಂ ಎನ್ನಬೇಕೆಂದೇ ಕೂತಿದ್ದಳು. ಖಿಸ್ಸಾ ಹೇಗಿದೆಯೋ ಹಾಗೇ ನಡೆದುಹೋಗಲಿ, ಬಿಜ್ಲಿಯ ಹರಕೆ ತೀರಲಿ ಎಂದು ಬೆಳಿಗ್ಗೆಯೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಆದರೆ ಬಾಗಿಲಲ್ಲಿ ಬಿಜ್ಲಿ ನಿಂತಿತ್ತು. ಬಾಯಿ ತೆರೆದರೆ ಗಾಳಿಯಷ್ಟೇ ಬಂತು.

ಹೊತ್ತು ಸರಿಯಿತು. ಇರುವೆಗಳು ಗೋಡೆ ಇಳಿದು ಪರಾತದ ದಾರಿ ಹಿಡಿದವು. ನಡುವೆ ಬಿಡುವಂತಿಲ್ಲವಾದ್ದರಿಂದ ಯಾರೂ ಏಳಲಿಲ್ಲ.

"ಬಟ್ಟಿ ಮ್ಯಾಲ ಇರುವಿ ಬಂದಾವ," ಎಂದಳು ಕುಬ್ರಾ ಬೇಗಂ, ಯಾರಿಗೆಂದು ಇಲ್ಲದೆ.

"ಕುದುರಿ ಎಷ್ಟೊತ್ತಂತ ನಿಲ್ಲತದ್ರೀ ಹಂಗ," ಎಂದಳು ಗೋಪಮ್ಮ. ಅವಳು ಹೇಳಿದ್ದು ಯಾವ ಕುದುರೆಯನ್ನು ಎಂದು ಯಾರೂ ಕೇಳಲಿಲ್ಲ.

"ನನ್ನ ಬಸ್ಸು ಐದಕ್ಕದ," ಎಂದಳು ಖಾಸಿಂ ಬೀ.

"ನೀವೇ ಹೇಳಿಬಿಡ್ರಿ ಖಾಲಾ, ಒಂದು ಪದ," ಎಂದಳು ಜಾಹೆದಾ ಮೆಲ್ಲಗೆ.

"ನಾ ಒಂದಕ್ಷರ ಕೂಡಸಂಗಿಲ್ಲ. ಇವತ್ತು ಕುದುರಿ ಅಂತೀರಿ, ನಾಳಿ ನೀವೆಲ್ಲ ಕೂಡಿ ಬಾವಿನೇ ಮುಚ್ಚತೀರಿ. ಹೇಳಾಕಿ ಕೂಡಸಂಗಿಲ್ಲ ಅಂದ್ರ ಕೂಡಸಂಗಿಲ್ಲ." ಅವಳು ಮೂರನೆಯ ಸಲ ಆ ಪದವನ್ನು ಹೇಳಿದಳು, ಮೊದಲಿನಷ್ಟೇ ನಿಧಾನವಾಗಿ, ಒಂದಕ್ಷರ ಆಚೀಚೆ ಮಾಡದೆ. ಹೇಳಿ, ಕಣ್ಣು ಮುಚ್ಚಿಕೊಂಡು ಕೂತಳು.

ಹೇಳಾಕಿ ಕೂಡಸಂಗಿಲ್ಲ. ಕಮರುನ್ನೀಸಾ ಆ ಮಾತನ್ನು ಒಳಗೇ ಒಮ್ಮೆ ತಿರುವಿದಳು. ಹೇಳುವವಳು ಕೂಡಿಸುವಂತಿಲ್ಲ. ಹೂಂಗುಟ್ಟುವವಳ ಬಗ್ಗೆ ಅಜ್ಜಿಯಾಗಲಿ, ಖಾಸಿಂ ಬೀಯಾಗಲಿ, ಖಾಸಿಂ ಬೀಯ ಅತ್ತೆಯಾಗಲಿ ಏನೂ ಹೇಳಿರಲಿಲ್ಲ. ಹೂಂ ಎನ್ನಬೇಕು, ಅಷ್ಟೆ. ಅದರ ಉದ್ದವನ್ನು ಯಾರೂ ಅಳೆದಿರಲಿಲ್ಲ.

"ಹೂಂ," ಎಂದಳು ಕಮರುನ್ನೀಸಾ. ಎಂದವಳು ಅಲ್ಲಿಗೆ ನಿಲ್ಲಿಸದೆ, ಉಸಿರು ಬಿಡದೆ, ಅದೇ ಧಾಟಿಯಲ್ಲಿ ಮುಂದುವರಿದಳು.

ನೀರಿಗೆ ಬಂದಳು ಮುದುಕಿ ಒಬ್ಬಳು
ನಿಂತ ಕುದುರಿಯ ಕಂಡಳು
ತಡೆದು ತಡೆದು ಕುಡಿಸಿದಳು
ಕೊರಳ ಹಗ್ಗ ಬಿಚ್ಚಿದಳು

ಅವಳ ದನಿ ಖಿಸ್ಸಾದಲ್ಲಿ ಅಷ್ಟು ಉದ್ದಕ್ಕೆ ಯಾರೂ ಕೇಳಿರಲಿಲ್ಲ. ಹೆಂಗಸರು ಖಾಸಿಂ ಬೀಯ ಮುಖ ನೋಡಿದರು. ಖಾಸಿಂ ಬೀ ಕಣ್ಣು ತೆರೆದು ಸೂರಿನ ಜಂತಿ ನೋಡಿದಳು.

"ಹೂಂ ಬಂತೇನು?"

"ಬಂತು ಖಾಲಾ."

"ಉದ್ದ ಬಂತು."

"ಭಾಳ ದಿವಸದ್ದು."

ಖಾಸಿಂ ಬೀ ತಲೆ ಆಡಿಸಿ ಮೊದಲನೇ ಬಾವಿಯೊಳಕ್ಕೆ ಇಳಿದಳು. ಅಲ್ಲಿಂದ ಮುಂದೆ ಕಮರುನ್ನೀಸಾಳ ಹೂಂ ಎಂದಿನ ಅಳತೆಗೇ ಬಂತು. ಹಾವು, ಹೂಂ. ದೆವ್ವ, ಹೂಂ. ಗೋಧಿ ರೊಟ್ಟಿಗೂ ಹೂಂ. ಗೋಪಮ್ಮ ಬಾಗಿಲಲ್ಲಿ ನಿಟ್ಟುಸಿರು ಬಿಟ್ಟಳು. ಬಾದಶಹ ಕಣ್ಣು ಬಿಟ್ಟ, ಮಲತಾಯಿ ಕತ್ತೆ ಹತ್ತಿದಳು, ಇರುವೆ ಝಾಡಿಸಿ ಮಲೀದಾ ಹಂಚಿದರು.

ಹರಕೆ ತೀರಿತೋ ಇಲ್ಲವೋ ಎಂದು ಕುಬ್ರಾ ಬೇಗಂ ಎಲ್ಲರ ಮುಂದೆ ಕೇಳಿಬಿಟ್ಟಳು.

"ನಾ ಹೇಳಿದ್ದರಾಗ ಒಂದಕ್ಷರ ಹೆಚ್ಚುಕಮ್ಮಿ ಇಲ್ಲ," ಎಂದಳು ಖಾಸಿಂ ಬೀ. "ಆಕಿ ಹೂಂ ಆಕಿದು. ಅದಕ್ಕ ನಾ ಜವಾಬ್ದಾರಿ ಅಲ್ಲ."

ಐದರ ಬಸ್ಸು ಹೋಗಿತ್ತು. ಮುಂದಿನದಕ್ಕೆ ಗುಡುಸಾಬ ಟಾಂಗಾ ಕಟ್ಟಿ ಅವಳನ್ನು ಬಿಟ್ಟುಬಂದ. ಬಂದು ಹೆಂಡತಿಗೆ ಹೇಳಿದ: ಇಳಿಯುವಾಗ ಖಾಸಿಂ ಬೀ, "ಇದಕ್ಕ ನೀರು ಕುಡಿಸಿ ಹೊಂಟೀಯೇನು?" ಎಂದಳು. ಕುಡಿಸೀನ್ರೀ ಎಂದ. "ತಡೆದು ತಡೆದು?" ಎಂದಳು.

ಕಮರುನ್ನೀಸಾ ಪದ ಬರೆದಿದ್ದ ಲಾಯದ ಗೋಡೆಗೆ ಸಗಣಿ ಸಾರಿಸಲು ಮರುದಿನ ಬೆಳಿಗ್ಗೆ ಹೋದಳು. ಬಿಜ್ಲಿಗೆ ಶೂಲೆ ಮತ್ತೆ ಬರಲಿಲ್ಲ.

ಆಮೇಲೆ ಆ ಓಣಿಯಲ್ಲಿ ಹೂಂಗಳು ಉದ್ದವಾದವು. ಗೋಪಮ್ಮ ತನ್ನ ಮಗಳ ಹೆರಿಗೆ ಸುಸೂತ್ರವಾದದ್ದಕ್ಕೆ ಮನೆಯಲ್ಲಿ ಖಿಸ್ಸಾ ಹೇಳಿಸಿ, ರೊಟ್ಟಿಯ ಜಾಗಕ್ಕೆ ಬಂದಾಗ, "ಹೂಂ, ಬಿಳಿಜೋಳದ್ದು," ಎಂದು ಅಷ್ಟೇ ಸೇರಿಸಿದಳು. ಜಾಹೆದಾ ಸೇರಿಸಿದ್ದು ಇನ್ನೂ ಸಣ್ಣದು: ಹನ್ನೆರಡು ವರ್ಷ ಎಂದಾಗ "ಹೂಂ, ಎರಡು" ಎಂದಳು. ಅವಳ ಗಂಡ ನಾಲ್ಕನೇ ವರ್ಷಕ್ಕೆ ಬಂದ. ಖಾಸಿಂ ಬೀ ಐದರ ಬಸ್ಸು ಬಿಟ್ಟು ಏಳರ ಬಸ್ಸಿಗೆ ಹೋಗುವುದನ್ನು ರೂಢಿ ಮಾಡಿಕೊಂಡಳು. ಕುಬ್ರಾ ಬೇಗಂ ಮಾತ್ರ ಏನೂ ಸೇರಿಸದೆಯೇ ತೀರಿಕೊಂಡಳು; ಕತ್ತೆ ಹಾಗೇ ಉಳಿಯಿತು.

ಎಂಬತ್ತಾರರಲ್ಲಿ ಕಮರುನ್ನೀಸಾ ದೇವದುರ್ಗಕ್ಕೆ ಹೋದಳು. ತಮ್ಮನ ಮಗಳಿಗೆ ಬಹಳ ದಿನಕ್ಕೆ ಗಂಡು ಕೂಡಿಬಂದು, ಆ ಹರಕೆಗೆ ಖಿಸ್ಸಾ ಇಟ್ಟಿದ್ದರು. ಬಿಜ್ಲಿ ಅಷ್ಟು ಹೊತ್ತಿಗೆ ಇರಲಿಲ್ಲ. ವಯಸ್ಸಾಗಿ, ಒಂದು ಮಧ್ಯಾಹ್ನ ನೀರು ಕುಡಿದು ನೆರಳಲ್ಲಿ ಮಲಗಿ, ಎದ್ದಿರಲಿಲ್ಲ. ಸ್ಟೇಷನ್ನಿನ ಮುಂದೆ ಆಟೋಗಳು ನಿಲ್ಲುತ್ತಿದ್ದವು. ಗುಡುಸಾಬ ಹಳೆಯ ಟಾಂಗಾದ ಗಾಲಿಗಳನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದ.

ಖಿಸ್ಸಾ ಹೇಳಲು ಬಂದವಳು ಜಾಲಹಳ್ಳಿಯ ಹೊಸ ಹುಡುಗಿ. ಕಮರುನ್ನೀಸಾ ಊರಿನ ಮಗಳು, ಹೂಂಗೆ ಹೆಸರಾದವಳು ಎಂದು ಅವಳನ್ನೇ ಎದುರಿಗೆ ಕೂಡಿಸಿದರು. ಹುಡುಗಿಯ ದನಿ ಚೆನ್ನಾಗಿತ್ತು. ಬಾದಶಹ, ಫಕೀರ, ಮಲತಾಯಿ ಬಂದು ಹೋದರು. ಬೇವಿನ ಮರಕ್ಕೆ ಕುದುರೆ ಕಟ್ಟಿದಳು. ಕಮರುನ್ನೀಸಾ ತನ್ನ ಹೂಂಗೆ ಉಸಿರು ತೆಗೆದುಕೊಳ್ಳುತ್ತಿದ್ದಾಗಲೇ ಹುಡುಗಿ ನಿಲ್ಲದೆ, ಖಿಸ್ಸಾದ ದನಿಯಲ್ಲೇ ಮುಂದುವರಿದಳು: ನೀರಿಗೆ ಬಂದಳು ಮುದುಕಿ ಒಬ್ಬಳು, ನಿಂತ ಕುದುರಿಯ ಕಂಡಳು. ಮುದುಕಿ ಕುಡಿಸಿದಳು, ಬಿಚ್ಚಿದಳು. ಬಿಚ್ಚಿದ ಮೇಲೆ ಮುದುಕಿ ಮುದುಕಿಯಾಗಿ ಉಳಿಯದೆ ಅಪ್ಸರೆಯಂಥ ಪರಿಯಾದಳು. ಕುದುರೆಗೆ ಬೆಳ್ಳಿಯ ರೆಕ್ಕೆ ಮೂಡಿ ಅದು ಮುಗಿಲಿಗೆ ಹಾರಿಹೋಯಿತು.

ಹುಡುಗಿ ನಿಂತು ಹೂಂಗೆ ಕಾದಳು.

"ಯವ್ವಾ, ಈ ರೆಕ್ಕಿ ಎಲ್ಲಿಂದ ಬಂದ್ವು?" ಎಂದಳು ಕಮರುನ್ನೀಸಾ.

"ಖಿಸ್ಸಾದಾಗ ಅವರೀ."

"ನಾ ಕೇಳಿದ್ದರಾಗ ಇದ್ದಿಲ್ಲ."

"ನಿಮಗ ಮರ್ತಿರಬೇಕು ಅಮ್ಮಾ. ಹಿಂದಿನ ಕಾಲದಿಂದ ಹಿಂಗ ಅದ. ಇದರಾಗ ನಾವು ಒಂದಕ್ಷರ ಕೂಡಸಂಗಿಲ್ಲ."

ಕಮರುನ್ನೀಸಾಗೆ ಸಿಟ್ಟು ಬಂತು. ಟಾಂಗಾದ ಕುದುರೆ ಅದು. ಹಾರಿದರೆ ಅದರ ಗೊರಸಿಗೆ ಲಾಳ ಯಾಕೆ ಹೊಡೆಸಬೇಕು? ನೀರಿಗೆ ಬಂದ ಮುದುಕಿ ನೀರಿಗೇ ಬಂದವಳು; ಪರಿಯಾಗಲು ಅವಳಿಗೆ ಮನೆಯಲ್ಲಿ ಕೆಲಸವಿರಲಿಲ್ಲವೇ? ಖಿಸ್ಸಾ ಎಂದರೆ ಬಾಯಿಗೆ ಬಂದದ್ದನ್ನು ಕೂಡಿಸುವುದಲ್ಲ ಎಂಬ ಮಾತು ತುಟಿಯವರೆಗೂ ಬಂದು ನಿಂತಿತು. ಅದು ಖಾಸಿಂ ಬೀಯ ದನಿಯಲ್ಲೇ ಬಂದಿತ್ತು.

ಹೆಂಗಸರು ಅವಳ ಕಡೆ ನೋಡುತ್ತಿದ್ದರು. ತಮ್ಮನ ಹೆಂಡತಿ ಮಲೀದಾದ ಪರಾತವನ್ನು ತುಸು ಆಚೆ ಸರಿಸಿದಳು.

"ನೀರು ಕುಡಿಸಿದ ಸಾಲು ಇನ್ನೊಮ್ಮೆ ಹೇಳವಾ," ಎಂದಳು ಕಮರುನ್ನೀಸಾ.

ಹುಡುಗಿ ಹೇಳಿದಳು. "ತಡೆದು ತಡೆದು ಕುಡಿಸಿದಳು."

"ತಡೆದು ತಡೆದು?"

"ತಡೆದು ತಡೆದು ಅಮ್ಮಾ. ಒಂದೇ ಸಲ ಕುಡಿಸಂಗಿಲ್ಲಂತ. ಯಾಕೋ ಗೊತ್ತಿಲ್ಲ, ಖಿಸ್ಸಾದಾಗ ಹಂಗದ."

ಕಮರುನ್ನೀಸಾ ಸೆರಗು ಸರಿಮಾಡಿಕೊಂಡಳು. ರೆಕ್ಕೆ ಇರಲಿ, ಬಿಡಲಿ. ಮೊದಲು ನೀರು, ಆಮೇಲೆ ಹಗ್ಗ.

"ಹೂಂ," ಎಂದಳು, ತಕ್ಕಡಿಗೆ ಬಟ್ಟು ಇಟ್ಟಂತೆ. ಹುಡುಗಿ ಬಾವಿಗೆ ಇಳಿದಳು.